ಗಣಿ ಅಗೆದ ನೆಲಕ್ಕೆ ಶಿಲೀಂಧ್ರಗಳ ಆಸರೆ

ಬಳ್ಳಾರಿ ಜಿಲ್ಲೆಯ ಸಂಡೂರು ಪ್ರದೇಶದಲ್ಲಿ ಕಬ್ಬಿಣದ ಅದಿರಿಗಾಗಿ ನಡೆದ ಮಿತಿಮೀರಿದ ಅಗೆತವನ್ನು ಸರ್ವೋಚ್ಚ ನ್ಯಾಯಾಲಯವು 2011ರ ಜುಲೈ ತಿಂಗಳಲ್ಲಿ ತಡೆಹಿಡಿಯಿತು. ಮುಂದೆ ಗಣಿಗಳ ಪುನರಾರಂಭಕ್ಕೆ ಅವಕಾಶ ನೀಡುವಾಗ, ಹಾಳಾದ ನೆಲವನ್ನು ಸುಧಾರಿಸುವ ಯೋಜನೆಯನ್ನು ಕಡ್ಡಾಯಗೊಳಿಸಲಾಯಿತು. ಇಂತಹ ನೆಲದಲ್ಲಿ ಗುಂಡಿ ತೋಡಿ ಸಸಿ ನೆಡುವುದು ಸುಲಭ. ಆ ಸಸಿ ಬೇಸಿಗೆಯನ್ನು ದಾಟಿ ಮರವಾಗುವುದು ಕಷ್ಟ. ಈ ಅಂತರಕ್ಕೆ ಒಂದು ಮುಖ್ಯ ಕಾರಣ ಮಣ್ಣಿನೊಳಗಿನ ಜೀವಿಗಳ ಕೊರತೆ. ಅವುಗಳಲ್ಲಿ ಶಿಲೀಂಧ್ರಗಳ ಪಾತ್ರ ಹಿರಿದು.

ಬೇರು ಮತ್ತು ಶಿಲೀಂಧ್ರದ ಸಹಜೀವನ

ನೆಲದ ಮೇಲೆ ಬೆಳೆಯುವ ಸಸ್ಯಜಾತಿಗಳಲ್ಲಿ ಬಹುಪಾಲು, ತಮ್ಮ ಬೇರುಗಳಲ್ಲಿ ಒಂದಿಲ್ಲೊಂದು ಬಗೆಯ ಶಿಲೀಂಧ್ರಕ್ಕೆ ಆಶ್ರಯ ನೀಡಿವೆ. ಈ ಸಂಬಂಧಕ್ಕೆ 1885ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಫ್ರಾಂಕ್ ಅವರು ‘ಮೈಕೊರೈಜಾ’ ಎಂಬ ಹೆಸರನ್ನಿತ್ತರು. ‘ಶಿಲೀಂಧ್ರ ಬೇರು’ ಎಂಬುದು ಅದರ ಅರ್ಥ.

ಸಸ್ಯಕ್ಕೆ ಅವಶ್ಯಕವಾದ ರಂಜಕವು ಮಣ್ಣಿನಲ್ಲಿ ಅತಿ ನಿಧಾನವಾಗಿ ಚಲಿಸುತ್ತದೆ. ಬೇರು ತನ್ನ ಸಮೀಪದ ರಂಜಕವನ್ನು ಹೀರಿಕೊಂಡ ಬಳಿಕ ಅದರ ಸುತ್ತ ಬರಿದಾದ ವಲಯವೊಂದು ಉಂಟಾಗುತ್ತದೆ. ಶಿಲೀಂಧ್ರದ ಎಳೆಗಳು ಬೇರಿನ ರೋಮಗಳಿಗಿಂತಲೂ ತೆಳುವಾಗಿದ್ದು, ಈ ವಲಯವನ್ನು ದಾಟಿ ಬೇರು ನುಸುಳಲಾರದ ಸಂದುಗಳನ್ನು ಹೊಕ್ಕು ರಂಜಕವನ್ನು ತಂದೊಪ್ಪಿಸುತ್ತವೆ. ಪ್ರತಿಯಾಗಿ ಗಿಡವು ಎಲೆಯಲ್ಲಿ ತಯಾರಾದ ಸಕ್ಕರೆಯ ಒಂದು ಭಾಗವನ್ನು ಶಿಲೀಂಧ್ರಕ್ಕೆ ಒದಗಿಸುತ್ತದೆ. ಇದಲ್ಲದೆ ಈ ಎಳೆಗಳು ಮಣ್ಣಿನ ಕಣಗಳನ್ನು ಹೆಣೆದು ಹಿಡಿದು, ಮಳೆ ನೀರಿಗೆ ಮಣ್ಣು ಕೊಚ್ಚಿಹೋಗುವುದನ್ನೂ ತಗ್ಗಿಸುತ್ತವೆ.

ಗಣಿಭೂಮಿಯ ಕೊರತೆ

ಈ ಶಿಲೀಂಧ್ರಗಳ ಬೀಜಕಗಳು ಹಾಗೂ ಎಳೆಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲಿಯೇ ಇರುತ್ತವೆ. ಗಣಿಯಲ್ಲಿ ಮೊದಲು ತೆಗೆದುಹಾಕುವುದು ಈ ಪದರವನ್ನೇ. ಆಳದಿಂದ ತಂದು ಸುರಿದ ಕಲ್ಲುಮಣ್ಣಿನ ದಿಬ್ಬದಲ್ಲಿ ಸಾವಯವ ಅಂಶವೂ ಇಲ್ಲ, ಶಿಲೀಂಧ್ರಗಳೂ ವಿರಳ. ಮೇಲ್ಮಣ್ಣನ್ನು ಬೇರೆಡೆ ರಾಶಿ ಹಾಕಿ ಕಾಪಾಡಿದರೂ, ಜೀವಂತ ಬೇರುಗಳ ಸಂಪರ್ಕವಿಲ್ಲದೆ ವರ್ಷಗಳು ಕಳೆದಂತೆ ಅವು ಕ್ಷೀಣಿಸುತ್ತವೆ.

ನಗರಗಳ ಅಂಚಿನಲ್ಲಿಯೂ ಇದೇ ನಷ್ಟ ಸಂಭವಿಸುತ್ತದೆ. ಪುಣೆಯ ಮುಳಾ ನದಿಯ ಬಳಿಯ ವಾಕಡದಂತಹ, ಹಿಂದೆ ಹೊಲಗಳಿದ್ದ ಬಡಾವಣೆಗಳಲ್ಲಿ ಕಟ್ಟಡದ ತಳಪಾಯಕ್ಕಾಗಿ ಅಗೆಯುವಾಗ ಮೊದಲು ಹೋಗುವುದು ಮೇಲ್ಮಣ್ಣೇ.

ಗುಮಗಾಂವ್‌ನ ಪ್ರಯೋಗ

ಮಹಾರಾಷ್ಟ್ರದ ನಾಗಪುರ ಜಿಲ್ಲೆಯ ಗುಮಗಾಂವ್ ಮ್ಯಾಂಗನೀಸ್ ಗಣಿಯ ತ್ಯಾಜ್ಯ ದಿಬ್ಬಗಳ ಮೇಲೆ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯು ನಡೆಸಿದ ಪ್ರಯೋಗವು ಈ ದಿಸೆಯಲ್ಲಿ ಉಲ್ಲೇಖನೀಯ. ಇಲ್ಲಿ ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್‌ನಂತಹ ಸಾವಯವ ತ್ಯಾಜ್ಯವನ್ನು ಬೆರೆಸಿ, ಮೈಕೊರೈಜಾ ಶಿಲೀಂಧ್ರಗಳೊಡನೆ ಸಾರಜನಕವನ್ನು ಸ್ಥಿರೀಕರಿಸುವ ರೈಜೋಬಿಯಂ ಹಾಗೂ ಅಜಟೋಬ್ಯಾಕ್ಟರ್ ಜೀವಾಣುಗಳನ್ನೂ ಸೇರಿಸಿ, ತೇಗ ಮೊದಲಾದ ಸಸಿಗಳನ್ನು ನೆಡಲಾಯಿತು. ಬರಡು ದಿಬ್ಬಗಳು ಹಸಿರಾದವು. ಆಹಾರ, ಆಸರೆ ಮತ್ತು ಜೀವಾಣು ಮೂರೂ ಒಟ್ಟಿಗೆ ದೊರೆತುದೇ ಇದಕ್ಕೆ ಕಾರಣ. ಕೇವಲ ಶಿಲೀಂಧ್ರದಿಂದ ಇದು ಸಾಧ್ಯವಾಗದು.

ಕರ್ನಾಟಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಡಾ. ಡಿ. ಜೆ. ಭಾಗ್ಯರಾಜ್ ಮತ್ತು ಸಹೋದ್ಯೋಗಿಗಳು ಬೆಳೆಗಳಿಗೂ ಅರಣ್ಯ ವೃಕ್ಷಗಳಿಗೂ ಹೊಂದುವ ಮೈಕೊರೈಜಾ ಶಿಲೀಂಧ್ರಗಳನ್ನು ಆರಿಸುವ ಕಾರ್ಯದಲ್ಲಿ ದೀರ್ಘಕಾಲ ಶ್ರಮಿಸಿದ್ದಾರೆ.

ಅನುಸರಿಸಬೇಕಾದ ಕ್ರಮಗಳು

1. ಅಗೆಯುವ ಮುನ್ನ ಮೇಲ್ಮಣ್ಣನ್ನು ಪ್ರತ್ಯೇಕವಾಗಿ ತೆಗೆದು, ತಡಮಾಡದೆ ಸಿದ್ಧವಾದ ಜಾಗದ ಮೇಲೆ ಹರಡಬೇಕು. ರಾಶಿ ಹಾಕುವುದು ಅನಿವಾರ್ಯವಾದರೆ ರಾಶಿಯು ತಗ್ಗಾಗಿರಲಿ. ಅದರ ಮೇಲೆ ಹುರುಳಿ, ಸಜ್ಜೆ ಮುಂತಾದವನ್ನು ಬಿತ್ತಿದರೆ ಶಿಲೀಂಧ್ರಗಳಿಗೆ ಬೇರು ದೊರೆಯುತ್ತದೆ. ಸಾಸಿವೆ ಮತ್ತು ಎಲೆಕೋಸಿನ ಕುಟುಂಬದ ಗಿಡಗಳು ಸಾಮಾನ್ಯವಾಗಿ ಈ ಶಿಲೀಂಧ್ರಗಳನ್ನು ಪೋಷಿಸುವುದಿಲ್ಲ.

2. ಸಸಿಮಡಿಯಲ್ಲಿಯೇ ಶಿಲೀಂಧ್ರವನ್ನು ಸೇರಿಸುವುದು ಲಾಭಕರ. ಬೆಳೆಗಳಲ್ಲಿಯೂ ಅನೇಕ ಮರಗಳಲ್ಲಿಯೂ ಸಾಮಾನ್ಯವಾಗಿರುವ ಬಗೆಯ ಮೈಕೊರೈಜಾವನ್ನು ಜೀವಂತ ಬೇರಿಲ್ಲದೆ ಬೆಳೆಸಲಾಗದು. ಆದ್ದರಿಂದ ಅದನ್ನು ಹುಲ್ಲು ಅಥವಾ ಧಾನ್ಯದ ಗಿಡಗಳ ಕುಂಡಗಳಲ್ಲಿ ವೃದ್ಧಿಪಡಿಸಲಾಗುತ್ತದೆ.

3. ಸ್ಥಳೀಯ ಜಾತಿಯ ಗಿಡಗಳನ್ನೂ, ಸಮೀಪದ ಆರೋಗ್ಯವಂತ ಕಾಡಿಗೆ ಒಗ್ಗಿದ ಶಿಲೀಂಧ್ರಗಳನ್ನೂ ಆರಿಸಬೇಕು. ಆದರೆ ಕಾಡಿನ ಮಣ್ಣನ್ನು ಬೇಕಾಬಿಟ್ಟಿ ತೋಡಿ ತರಬಾರದು.

4. ರಂಜಕದ ರಾಸಾಯನಿಕ ಗೊಬ್ಬರವನ್ನು ಅತಿಯಾಗಿ ಹಾಕಿದರೆ ಬೇರಿನಲ್ಲಿ ಶಿಲೀಂಧ್ರದ ನೆಲೆ ಕುಗ್ಗುತ್ತದೆ.

ನೆಟ್ಟ ಸಸಿಗಳ ಸಂಖ್ಯೆಯಿಂದ ಮಾತ್ರ ನೆಲದ ಪುನಶ್ಚೇತನವನ್ನು ಅಳೆಯಲಾಗದು. ಕೆಲವು ವರ್ಷಗಳ ಬಳಿಕ ಉಳಿದ ಗಿಡಗಳೆಷ್ಟು, ಅವುಗಳ ಬೇರಿನಲ್ಲಿ ಶಿಲೀಂಧ್ರ ನೆಲೆಗೊಂಡಿದೆಯೇ, ಗಿಡದಡಿಯಲ್ಲಿ ಎಲೆಗೊಬ್ಬರ ಕೂಡುತ್ತಿದೆಯೇ ಎಂಬುದನ್ನೂ ಪರಿಶೀಲಿಸುವುದು ಅವಶ್ಯಕ. ಮೇಲ್ಮಣ್ಣು ರೂಪುಗೊಳ್ಳಲು ನೂರಾರು ವರ್ಷಗಳು ಬೇಕು. ಅದನ್ನು ಕಳೆದುಕೊಳ್ಳಲು ಒಂದು ದಿನವೇ ಸಾಕು. ಇದ್ದುದನ್ನು ಉಳಿಸಿಕೊಳ್ಳುವುದೇ ಅತ್ಯಂತ ಮಿತವ್ಯಯದ ಪುನಶ್ಚೇತನ ಕಾರ್ಯ.