ನೂರು ಚೀಲದ ಹಟ

ಪಿಕಪ್ಪನ್ನೂ 39 ಎಚ್‌ಪಿ ಟ್ರ್ಯಾಕ್ಟರನ್ನೂ ಬಿಟ್ಟು, ಒಂದೂವರೆ ಲಕ್ಷ ಹೆಚ್ಚು ತೆತ್ತು 50 ಎಚ್‌ಪಿ ಟ್ರ್ಯಾಕ್ಟರ್, ಅದಕ್ಕೆ ಬ್ರೇಕ್ ಇರುವ ಟ್ರಾಲಿ ಎರಡನ್ನೂ ಮಸ್ಕಿಗೆ ತಂದಾಗಿನಿಂದ ಮನೆಯಲ್ಲಿ ನಾನೇ ದುಂದುಗಾರ. ಹತ್ತು ಎಕರೆ ನೆಲ್ಲಿಗೆ ಇಷ್ಟು ದೊಡ್ಡ ಗಾಡಿ ಯಾಕೆ ಅಂತ ಕೇಳುವವರು ಇನ್ನೂ ಕೇಳುತ್ತಲೇ ಇದ್ದಾರೆ.

ಪಿಕಪ್ಪಿನ ಆಸೆ ನನಗೂ ಇತ್ತು. ಆದರೆ 1.7 ಟನ್ನಿನ ಗಾಡಿಗೆ 75 ಕೆಜಿಯ 22 ಚೀಲ ಏರಿಸಿದರೆ ಮುಗಿಯಿತು. ‘ಹಿಂದೊಂದು ಟ್ರಾಲಿ ಕಟ್ಟಿಕೊಳ್ಳಿ ಸರ್’ ಅಂದ ಲಿಂಗಸುಗೂರಿನ ಸೇಲ್ಸ್ ಹುಡುಗ. ಎಷ್ಟು ಟನ್ ಎಳೆಯುತ್ತದೆ ಅನ್ನೋದನ್ನ ಕಾಗದದಲ್ಲಿ ತೋರಿಸಪ್ಪ ಅಂದೆ. ಚಹಾ ತರಿಸಿದ.

ಟ್ರ್ಯಾಕ್ಟರಾದರೆ ಎಳೆಯುವುದಕ್ಕೇನು, 39 ಎಚ್‌ಪಿಯದೂ ನೂರು ಚೀಲ ಎಳೆದೀತು. ತಕರಾರಿರುವುದು ನಿಲ್ಲಿಸುವಾಗ. ನೂರು ಚೀಲವೆಂದರೆ ಏಳೂವರೆ ಟನ್, ಖಾಲಿ ಟ್ರಾಲಿಯದು ಒಂದೂವರೆ; ಮುಂದಿರುವ ಇಂಜಿನ್, ಅಂದರೆ ಟ್ರ್ಯಾಕ್ಟರ್, ಎರಡು ಟನ್ ಚಿಲ್ಲರೆ. ನಮ್ಮ ಕಡೆಯ ಎಷ್ಟೋ ಟ್ರಾಲಿಗಳಿಗೆ ಬ್ರೇಕೇ ಇಲ್ಲ. ಕಾಲುವೆ ಏರಿ ಇಳಿಯುವಾಗ ಟ್ರ್ಯಾಕ್ಟರಿನ ಬ್ರೇಕ್ ತುಳಿದರೆ ಒಂಬತ್ತು ಟನ್ ಬೆನ್ನಿಗೆ ಬಿದ್ದು ನೂಕಿ, ಗಾಡಿ ಅಡ್ಡ ಮಡಚಿಕೊಳ್ಳುತ್ತದೆ. ಎರಡು ಗಾಲಿಯ ಟ್ರಾಲಿಯಾದರೆ ಹೇರುವುದರಲ್ಲೂ ಎಚ್ಚರ ಬೇಕು: ಭಾರ ಮುಂದಕ್ಕೆ ಹೆಚ್ಚಾದರೆ ಇಂಜಿನ್ನಿನ ಮುಂಗಾಲಿ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ, ಹಿಂದಕ್ಕೆ ಹೆಚ್ಚಾದರೆ ಕೊಂಡಿ ಮೇಲೆದ್ದು ಹಿಂಗಾಲಿಗೆ ಹಿಡಿತ ಸಿಗುವುದಿಲ್ಲ. ನನ್ನ ಒಂದೂವರೆ ಲಕ್ಷ ಹೋದದ್ದು ಇಂಜಿನ್ನಿನ ತೂಕಕ್ಕೆ, ಬ್ರೇಕಿಗೆ. ಎಚ್‌ಪಿ ಜೊತೆಗೆ ಬಂತು, ಅಷ್ಟೆ.

ಆದರೂ ನಾನು ನೂರು ಚೀಲ ಹೇರುವುದಿಲ್ಲ. ಆರ್‌ಸಿ ಪ್ರಕಾರ ನನ್ನ ಟ್ರಾಲಿಗೆ 5 ಟನ್, ಅಂದರೆ ಸುಮಾರು 65 ಚೀಲ. ಎಕರೆಗೆ 40ರಂತೆ ಹತ್ತು ಎಕರೆಗೆ 400 ಚೀಲ. ನೂರರಂತೆ ನಾಲ್ಕು ಟ್ರಿಪ್, 65ರಂತೆ ಏಳು. ಹೆಚ್ಚು ಬಿದ್ದದ್ದು ಮೂರು. ನೆಲ್ಲು ಮಾರಲು ಸಿಂಧನೂರಿಗೆ ಹೋಗಿಬರಲು 12 ಲೀಟರ್ ಡೀಸೆಲ್, ಲೀಟರಿಗೆ 90 ಹಿಡಿದರೆ 1,080. ಡ್ರೈವರಿಗೆ 600. ಟ್ರಿಪ್ಪಿಗೆ 1,680, ಮೂರಕ್ಕೆ 5,040. ಅದನ್ನು 400 ಚೀಲಕ್ಕೆ ಹಂಚಿ: ಚೀಲಕ್ಕೆ 12 ರೂಪಾಯಿ 60 ಪೈಸೆ. ಇನ್ನೊಂದು ಕಡೆ, 2019ರ ತಿದ್ದುಪಡಿಯ ಪ್ರಕಾರ ಓವರ್‌ಲೋಡಿಗೆ ದಂಡ 20,000, ಮೇಲೆ ಹೆಚ್ಚುವರಿ ಟನ್ನಿಗೆ 2,000. ನೂರು ಚೀಲದ ಒಂದೇ ಟ್ರಿಪ್ ಸಿಕ್ಕಿಬಿದ್ದರೂ 24 ಸಾವಿರಕ್ಕೆ ಕಡಿಮೆಯಿಲ್ಲ. ಚೌಕಾಸಿ ಮಾಡುವವರು ಈ ಲೆಕ್ಕ ಯಾಕೆ ಮಾಡುವುದಿಲ್ಲವೋ!

ಇನ್ನು ಟ್ರ್ಯಾಕ್ಟರಿಗೆ ಸಿಗುವ ಫ್ಲಾಟ್ ರೇಟ್ ಸಾಲ. 6 ಲಕ್ಷಕ್ಕೆ 9 ಪರ್ಸೆಂಟ್, ಐದು ವರ್ಷ, ಆರು ತಿಂಗಳಿಗೊಮ್ಮೆ 87 ಸಾವಿರ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಬ್ಯಾಂಕಿನ ರೀತಿಯಲ್ಲಿ ನೋಡಿದರೆ ಅದು ಹೆಚ್ಚುಕಡಿಮೆ 15. ಒಂಬತ್ತು ಅಂತ ಬೋರ್ಡಿನಲ್ಲಿ ಬರೆಯುವುದು ಮೋಸವಲ್ಲದೆ ಮತ್ತೇನು? ಮೇಲಾಗಿ ಆ ಕಂತಿಗೆ ವರ್ಷಕ್ಕೆ ಎರಡು ಬೆಳೆ ಬರಲೇಬೇಕು. ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟು 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋದದ್ದನ್ನು ಎಡದಂಡೆ ಕಾಲುವೆಯ ನಾವು ಇಷ್ಟು ಬೇಗ ಮರೆತೆವೇ? ನೀರು ಬಾರದ ವರ್ಷವೂ ಕಂತು ತಪ್ಪದೆ ಬರುತ್ತದೆ.

ಯಾವ ಟ್ರ್ಯಾಕ್ಟರ್ ಕೊಂಡರೂ ಟ್ರಾಲಿಗೂ ವಿಮೆ ಮಾಡಿಸಿ, ಹಿಂದೆ ರಿಫ್ಲೆಕ್ಟರ್ ಅಂಟಿಸಿ. ಸುಗ್ಗಿಯ ರಾತ್ರಿ 150ಎ ಹೆದ್ದಾರಿಯಲ್ಲಿ ದೀಪವಿಲ್ಲದ ಟ್ರಾಲಿ ಎಷ್ಟು, ನೀವೇ ನೋಡಿದ್ದೀರಿ. ಚೀಲದ ಮೇಲೆ ಆಳುಗಳನ್ನು ಕೂರಿಸಿಕೊಂಡು ಬರುವ ಚಾಳಿಯನ್ನಂತೂ ಬಿಡಬೇಕು. ಟ್ರ್ಯಾಕ್ಟರಿನಲ್ಲಿ ಸೀಟು ಇರುವುದು ಡ್ರೈವರಿಗೆ ಮಾತ್ರ.

ಪಕ್ಕದ ಹಳ್ಳಿಯವರೊಬ್ಬರು ಈ ಸುಗ್ಗಿಗೆ ನನ್ನ ಗಾಡಿ ಕೇಳಿದ್ದಾರೆ. 66ನೇ ಚೀಲ ಏರಿಸಿದರೆ ಕೀಲಿ ವಾಪಸ್ ಇಸಿದುಕೊಳ್ಳುತ್ತೇನೆ ಎಂದಿದ್ದೇನೆ. ಯೋಚಿಸಿ ಹೇಳುತ್ತಾರಂತೆ.