ಅಜ್ಜಿಯ ಕಥೆ, ಮೊಮ್ಮಗಳ ಪಾತ್ರ

ನಿಮ್ಮ ಮನೆಯ ಹಿರಿಯರು ಇಶಾ ನಮಾಝ್‌ನ ಬಳಿಕ ಯಾರೊಡನೆ ಮಾತಾಡುತ್ತಾರೆ? ಊಟ, ಔಷಧಿಯ ವಿಚಾರಣೆಯೊಂದಿಗೆ ಮಾತು ಮುಗಿಯುತ್ತದೆ. ಮಕ್ಕಳು ಮೊಬೈಲ್ ಹಿಡಿದು ಇನ್ನೊಂದು ಕೋಣೆಯಲ್ಲಿರುತ್ತಾರೆ. ಹೆತ್ತವರ ಸೇವೆ ಮಾಡುತ್ತಿದ್ದೇವೆಂಬ ಸಮಾಧಾನವೇನೋ ನಮಗಿದೆ. ಆದರೆ ಅವರ ಮಾತಿಗೆ ಕಿವಿಗೊಡುವವರು ಯಾರು?

ಪವಿತ್ರ ಕುರ್‌ಆನಿನ ಯೂಸುಫ್ ಅಧ್ಯಾಯವನ್ನು ಗಮನಿಸಿರಿ. 111 ಸೂಕ್ತಗಳ ಆ ಅಧ್ಯಾಯದಲ್ಲಿ ಕಥೆ ಆರಂಭವಾಗುವುದೇ ಬಾಲಕನೊಬ್ಬ ತಾನು ಕಂಡ ಕನಸನ್ನು ತಂದೆಗೆ ಹೇಳುವುದರಿಂದ. ಹ. ಯಾಕೂಬರು(ಅ) ಅದನ್ನು ಮಗುವಿನ ಹರಟೆಯೆಂದು ತಳ್ಳಿಹಾಕಲಿಲ್ಲ. ಕೇಳಿದರು, ಸೋದರರಿಗೆ ಹೇಳಬೇಡವೆಂದು ಎಚ್ಚರಿಸಿದರು. ವರ್ಷಗಳು ಕಳೆದು, ಮುಪ್ಪಿನ ತಂದೆ ಈಜಿಪ್ಟಿಗೆ ಬಂದಾಗ ಮಗ ಅದೇ ಕನಸನ್ನು ನೆನಪಿಸುತ್ತಾರೆ.

ಕೇಳಿದ ಕಥೆಯನ್ನು ಮಕ್ಕಳು ಆಡಿ ನೋಡಬಯಸುತ್ತಾರೆ. ನಾಟಕವೆಂದೊಡನೆ ಹುಬ್ಬೇರಿಸಬೇಡಿ. ಪ್ರವಾದಿಗಳ ಪಾತ್ರ ವಹಿಸುವುದು ಸಲ್ಲದು. ಸಹಾಬಿಗಳ ವಿಷಯದಲ್ಲೂ ಅನೇಕ ವಿದ್ವಾಂಸರು ತಡೆದಿದ್ದಾರೆ. ಆ ಎಲ್ಲೆಯೊಳಗೇ ಎಷ್ಟೋ ಪ್ರಸಂಗಗಳಿವೆ.

ಚರಿತ್ರೆ ಗ್ರಂಥಗಳಲ್ಲಿ ಬರುವ ಒಂದನ್ನು ನೋಡಿ. ಮದೀನಾದ ರಾತ್ರಿ. ತಾಯಿಯೊಬ್ಬಳು ಹಾಲಿಗೆ ನೀರು ಬೆರೆಸೆಂದು ಮಗಳಿಗೆ ಹೇಳುತ್ತಾಳೆ. ಖಲೀಫಾ ಹ. ಉಮರ್(ರ) ಅದನ್ನು ನಿಷೇಧಿಸಿದ್ದಾರಲ್ಲ ಎನ್ನುತ್ತಾಳೆ ಮಗಳು. ಉಮರ್ ಈಗ ನೋಡುತ್ತಿಲ್ಲವಲ್ಲ ಎಂದು ತಾಯಿ. ಅಲ್ಲಾಹನು ನೋಡುತ್ತಿದ್ದಾನಲ್ಲ ಎಂದು ಮಗಳು. ಗೋಡೆಯಾಚೆ ನಿಂತು ಕೇಳುತ್ತಿದ್ದವರು ಸ್ವತಃ ಖಲೀಫಾ. ಅವರು ವೇದಿಕೆಗೆ ಬರಬೇಕಾಗಿಯೇ ಇಲ್ಲ. ಒಂದು ಚೊಂಬು, ಒಂದು ಪಾತ್ರೆ, ಇಬ್ಬರು ಸಾಕು.

ತಾಯಿಯ ಪಾತ್ರವನ್ನು ಅಜ್ಜಿಗೆ ಕೊಡಿ. ಹಿರಿಯರಿಗೆ ತಪ್ಪು ಮಾಡುವ ಪಾತ್ರವೇ ಎಂದು ಕೇಳುತ್ತೀರೇನೋ. ನನಗೆ ಅದರಲ್ಲಿ ಅಗೌರವ ಕಾಣುವುದಿಲ್ಲ. ಆಜ್ಞಾಪಿಸುವ ದನಿ ಅಜ್ಜಿಗೆ ಚೆನ್ನಾಗಿ ಗೊತ್ತು. ಅದಕ್ಕೆ ಎದುರುತ್ತರ ಕೊಡದೆ, ಸಭ್ಯತೆ ಬಿಡದೆ, ಆದರೂ ಒಪ್ಪದೆ ನಿಲ್ಲುವುದು ಹೇಗೆಂದು ಮೊಮ್ಮಗಳು ಅಲ್ಲೇ ಕಲಿಯುತ್ತಾಳೆ. ನಾವು ನೂರು ಸಲ ಉಪದೇಶಿಸಿದರೂ ಇದು ಬರುವುದಿಲ್ಲ. ಅಜ್ಜಿ ಮಾತು ಮರೆತರೆ ಮಗು ಹೇಳಿಕೊಡಲಿ. ನೀವು ನಡುವೆ ಬಾಯಿ ಹಾಕಬೇಡಿ. ಎದ್ದು ನಿಲ್ಲಲಾಗದಿದ್ದರೆ ಮಂಚದ ಮೇಲೆ ಕುಳಿತೇ ಆಡಲಿ. ಮನೆಯಲ್ಲಿ ಬ್ಯಾರಿಯೋ ಉರ್ದುವೋ, ಆಡುಭಾಷೆಯಲ್ಲೇ ನಡೆಯಲಿ. ಅಜ್ಜಿಯ ಬಾಯಲ್ಲಿರುವ ಎಷ್ಟೋ ಹಳೆಯ ಪದಗಳು ಮಗುವಿಗೆ ಸಿಗುವುದು ಹೀಗೆಯೇ.

ಆಟ ಮುಗಿದ ಮೇಲೆ ಉಳಿದ ಕಥೆಯನ್ನು ಅಜ್ಜಿಯೇ ಹೇಳಲಿ. ಖಲೀಫಾ ಆ ಹುಡುಗಿಯನ್ನು ತಮ್ಮ ಮಗ ಆಸಿಮ್‌ರಿಗೆ ಮದುವೆ ಮಾಡಿಸಿದರು. ಅವಳ ಮಗಳ ಮಗನೇ ಮುಂದೆ ನ್ಯಾಯಕ್ಕೆ ಹೆಸರಾದ ಖಲೀಫಾ ಉಮರ್ ಬಿನ್ ಅಬ್ದುಲ್ ಅಝೀಝ್. ಹಾಲಿಗೆ ನೀರು ಬೆರೆಸದ ಆ ಹುಡುಗಿಯೂ ಒಬ್ಬರ ಅಜ್ಜಿಯಾದಳು ಎಂದು ಕೇಳಿದಾಗ ಮೊಮ್ಮಗಳು ಯಾರ ಮುಖ ನೋಡುತ್ತಾಳೆಂದು ಗಮನಿಸಿ.