ಪ್ರಥಮ ಪರಮಪ್ರಸಾದದ ಕರೆಯೋಲೆ ಹೇಗಿರಬೇಕು?



ಮಗುವಿನ ಪ್ರಥಮ ಪರಮಪ್ರಸಾದದ ದಿನ ಗೊತ್ತಾಯಿತೆಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿಯ ನಮ್ಮ ಕುಟುಂಬಗಳಲ್ಲಿ ಪತ್ರಿಕೆ ಅಚ್ಚು ಹಾಕಿಸುವ ಮಾತು ಏಳುತ್ತದೆ. ಪ್ರೆಸ್ಸಿನಲ್ಲಿ ಮದುವೆ, ಗೃಹಪ್ರವೇಶ, ಜವಳದ ಮಾದರಿಗಳಿರುತ್ತವೆ. ಒಂದನ್ನು ಆರಿಸಿ ಹೆಸರು ಬದಲಿಸಿದರೆ ಆಯಿತೆಂದುಕೊಳ್ಳುತ್ತೇವೆ. ಕೊನೆಗೆ ಊಟದ ಸ್ಥಳ, ವೇಳೆ ದಪ್ಪ ಅಕ್ಷರದಲ್ಲಿ, ಬಲಿಪೂಜೆ ಒಂದು ಮೂಲೆಯಲ್ಲಿ! ಬಂಧುಗಳು ನೇರವಾಗಿ ಊಟಕ್ಕೆ ಬಂದರೆ ತಪ್ಪು ಅವರದಲ್ಲ. ಪತ್ರಿಕೆ ಕರೆದದ್ದೇ ಹಾಗೆ.

ಸಂಸ್ಕಾರದ ಅರ್ಥ ತಿಳಿದರೆ ಮಾತು ತಾನಾಗಿ ಸರಿಹೋಗುತ್ತದೆ. 1910ರಲ್ಲಿ ಸಂತ ಹತ್ತನೇ ಪಿಯೂಸರು, ತಿಳುವಳಿಕೆ ಬಂದ, ಅಂದರೆ ಸುಮಾರು 7 ವರ್ಷದ ಮಗು ಪರಮಪ್ರಸಾದ ಸ್ವೀಕರಿಸಬಹುದೆಂದು ಸಾರಿದರು. ಸಾಮಾನ್ಯ ರೊಟ್ಟಿಗೂ ಕ್ರಿಸ್ತರ ಶರೀರಕ್ಕೂ ಇರುವ ಭೇದವನ್ನು ಮಗು ತನ್ನ ಅಳವಿಗೆ ತಕ್ಕಂತೆ ಅರಿಯಬೇಕು. ಮಗುವನ್ನು ಸಿದ್ಧಪಡಿಸುವ, ಪಾಪನಿವೇದನೆ ಮಾಡಿಸಿ ಈ ದಿವ್ಯ ಭೋಜನಕ್ಕೆ ಕರೆತರುವ ಹೊಣೆಯನ್ನು 1983ರ ಧರ್ಮಸಭೆಯ ಕಾನೂನು ಸಂಹಿತೆ ಮೊದಲು ತಂದೆತಾಯಿಗಳಿಗೆ, ಜೊತೆಗೆ ವಿಚಾರಣಾ ಗುರುಗಳಿಗೆ ಒಪ್ಪಿಸಿದೆ. ಆದ್ದರಿಂದ ಕರೆಯುವವರು ನೀವು, ಉಣಬಡಿಸುವವರು ಕ್ರಿಸ್ತರು. ಪತ್ರಿಕೆಯಲ್ಲಿ ಇವೆರಡೂ ಕಾಣಬೇಕು. ಹೀಗೆ ಬರೆಯಬಹುದು:

“ಕ್ರಿಸ್ತರಲ್ಲಿ ಪ್ರಿಯರೇ, ದೇವರ ಕೃಪೆಯಿಂದ ನಮ್ಮ ಮಗಳು ........ ಬರುವ ಭಾನುವಾರ ಬೆಳಗಿನ ಬಲಿಪೂಜೆಯಲ್ಲಿ, ಧರ್ಮಕೇಂದ್ರದ ಇತರ ಮಕ್ಕಳೊಡನೆ, ಪ್ರಥಮ ಬಾರಿಗೆ ಪರಮಪ್ರಸಾದ ಸ್ವೀಕರಿಸಲಿದ್ದಾಳೆ. ತಾವು ಸಕುಟುಂಬ ಬಂದು, ನಮ್ಮೊಡನೆ ಪ್ರಾರ್ಥಿಸಿ, ಮಗಳನ್ನು ಹರಸಬೇಕೆಂದು ಕೋರುತ್ತೇವೆ. ಪೂಜೆಯ ನಂತರ ನಮ್ಮ ಮನೆಯಲ್ಲಿ ಊಟ. ತಮ್ಮ ಆಶೀರ್ವಾದವೇ ಉಡುಗೊರೆ.”

ಇಲ್ಲಿ ಮೂರು ವಿಷಯ ಗಮನಿಸಿ.

ಮೊದಲನೆಯದು, ಹೆಸರು. ಮುದ್ದಿನ ಹೆಸರೊಂದೇ ಸಾಲದು. ದೀಕ್ಷಾಸ್ನಾನದ ಹೆಸರೂ ಇರಲಿ. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆ ಅಶೋಕನ ಹೆಸರೂ ಇದ್ದುದರಿಂದಲೇ 1915ರಲ್ಲಿ ಬೆಳಕಿಗೆ ಬಂದ ನಮ್ಮ ಮಸ್ಕಿಯ ಶಾಸನ ಹೆಸರಾಯಿತು. ಬಿರುದು ಯಾರದೆಂದು ತಿಳಿದದ್ದು ಹೆಸರಿನಿಂದ. ದೇವರು ನಿಮ್ಮ ಮಗುವನ್ನೂ ಹೆಸರು ಹಿಡಿದೇ ಕರೆದಿದ್ದಾರೆ.

ಎರಡನೆಯದು, ಅನ್ಯಧರ್ಮದ ನೆರೆಹೊರೆಯವರು. ಅವರನ್ನು ಖಂಡಿತ ಕರೆಯಿರಿ. ಆದರೆ ನಮ್ಮ ಸೀಮೆಯಲ್ಲಿ ಪ್ರಸಾದವೆಂದರೆ ಬಂದವರಿಗೆಲ್ಲ ಕೊಡುವಂಥದು. ಮಠದ ದಾಸೋಹದಲ್ಲಿ ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ. ಹಾಗೆ ತಿಳಿದು ಸಾಲಿನಲ್ಲಿ ನಿಂತವರನ್ನು ಎಲ್ಲರೆದುರು ತಡೆದರೆ ಅವರ ಮನಸ್ಸು ನೋಯುತ್ತದೆ. ಪತ್ರಿಕೆಯಲ್ಲಿ ನಿಷೇಧ ಅಚ್ಚು ಹಾಕಿಸಬೇಡಿ. ಕೊಡಲು ಹೋದಾಗ ಬಾಯಿಮಾತಿನಲ್ಲಿ ಹೇಳಿ: “ಅಣ್ಣಾ, ಪರಮಪ್ರಸಾದ ನಮ್ಮಲ್ಲಿ ಸಿದ್ಧತೆ ಮಾಡಿಕೊಂಡ ಕಥೋಲಿಕರಿಗಷ್ಟೇ. ನೀವು ನಮ್ಮ ಜೊತೆ ಕೂತು ಮಗೂಗಾಗಿ ಬೇಡಿಕೊಳ್ಳಿ.” ಪ್ರೀತಿಯಿಂದ ಮೊದಲೇ ಹೇಳಿದ ಮಾತು ಯಾರನ್ನೂ ನೋಯಿಸದು.

ಮೂರನೆಯದು, ಮುಯ್ಯಿ. ಕೊಟ್ಟವರಿಗೆ ತಿರುಗಿ ಕೊಡಬೇಕೆಂಬ ಲೆಕ್ಕದಲ್ಲಿ ಅತಿಥಿಗಳ ಪಟ್ಟಿ ಬೆಳೆಯುತ್ತದೆ, ಕೈಗಡವೂ ಬೆಳೆಯುತ್ತದೆ. ಮರಳಿ ಕರೆಯಲಾರದ ಬಡವರನ್ನು ಊಟಕ್ಕೆ ಕರೆಯಿರೆಂದು ಪ್ರಭು ಕಲಿಸಿದ್ದು ಲೂಕರ ಶುಭಸಂದೇಶದ 14ನೇ ಅಧ್ಯಾಯದಲ್ಲಿದೆ. ಪಟ್ಟಿ ಬರೆಯುವ ಮುನ್ನ ಮನೆಯವರೆಲ್ಲ ಕೂಡಿ ಅದನ್ನು ಓದಿ. ಆಮೇಲೆ ಮೊದಲ ಕರೆಯೋಲೆಯನ್ನು ಅಂಥ ಒಂದು ಮನೆಗೆ ಮಗುವಿನ ಕೈಯಿಂದಲೇ ಕೊಡಿಸಿ. ಪರಮಪ್ರಸಾದದ ಅರ್ಥ ಮಗುವಿಗೆ ಅಲ್ಲಿಯೇ ಅರ್ಧ ತಿಳಿದೀತು.